ಡಬ್ಬಿಯಲ್ಲಿ ಬೆಳೆದ ಸಾಕ್ಷಿ

ಡಬ್ಬಿ ಎಲ್ಲಿತ್ತು ಎಂಬ ಬಗ್ಗೆ ನನಗೂ ನನ್ನ ತಂಗಿಗೂ ಇನ್ನೂ ಒಮ್ಮತವಿಲ್ಲ. ಅಡುಗೆಮನೆಯ ಕಿಟಕಿಯಲ್ಲಿತ್ತು ಎನ್ನುತ್ತಾಳೆ ಅವಳು. ಮಾಳಿಗೆಯ ಮೇಲೆ, ಮೆಟ್ಟಿಲು ಮುಗಿಯುವಲ್ಲಿನ ಗಿಡ್ಡ ಗೋಡೆಯ ಮೇಲೆ ಎನ್ನುತ್ತೇನೆ ನಾನು. ಕಿಟಕಿಯಲ್ಲಿ ಇದ್ದಿದ್ದರೆ ಅದಕ್ಕೆ ಬಿಸಿಲು ಸಾಲುತ್ತಿರಲಿಲ್ಲ, ನಾನು ಮಾಡಿದ್ದನ್ನು ಯಾರ ಕಣ್ಣಿಗೂ ಬೀಳದೆ ಮಾಡುವುದೂ ಆಗುತ್ತಿರಲಿಲ್ಲ. ಆದರೆ ಇದು ತರ್ಕ, ನೆನಪಲ್ಲ. ನೆನಪಿನಲ್ಲಿ ಇರುವುದು ಡಬ್ಬಿ ಮಾತ್ರ. ವನಸ್ಪತಿಯ ಹಳದಿ ಡಬ್ಬಿ, ಮೇಲಿನ ಅಂಚು ಗರಗಸದಂತೆ, ಮೈಮೇಲೆ ದಾದಾ ಅಂಟಿಸಿದ ಚೀಟಿ. ದಾದಾ ಎಂದರೆ ನನ್ನ ತಂದೆ. ಕಚೇರಿಯಲ್ಲಿ ಕಾರಕೂನ. ಸೋಲಾಪುರದ ಆ ವಾಡೆಯ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ಯಾವುದನ್ನೂ ಚೀಟಿಯಿಲ್ಲದೆ ಬಿಡದ ಮನುಷ್ಯ. ಡಬ್ಬಿಯ ಚೀಟಿಯಲ್ಲಿ ಮರಾಠಿಯಲ್ಲಿ ‘ಹಾತ ಲಾವೂ ನಯೇ’ ಎಂದಿತ್ತು, ಕೈ ಹಚ್ಚಬಾರದು ಎಂದು. ನಾವು ಮಾತಾಡುತ್ತಿದ್ದುದು ಕನ್ನಡ. ಓದುವ ಅಕ್ಷರವೆಲ್ಲ ಮರಾಠಿ. ಹಾಗಾಗಿ ನಮ್ಮ ಮನೆಯಲ್ಲಿ ಬೈಗುಳ ಒಂದು ಭಾಷೆಯಲ್ಲೂ ಕಾನೂನು ಇನ್ನೊಂದರಲ್ಲೂ ಇರುತ್ತಿತ್ತು.

ಡಬ್ಬಿಯೊಳಗಿನ ಗಿಡ ಎಷ್ಟು ಸಣ್ಣದೆಂದರೆ ಅದನ್ನು ಗಿಡ ಎನ್ನಲು ಸಂಕೋಚವಾಗುತ್ತದೆ. ಮೇಲಕ್ಕೆ ಬೆಳೆಯುವುದೇ ಇಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಹರಿದಾಡುತ್ತದೆ. ದಾರದಂಥ ಕೆಂಪು ಕಡ್ಡಿ, ಗೆಣ್ಣು ಗೆಣ್ಣಿಗೂ ಮಣ್ಣಿಗೆ ಬೇರು ಬಿಡುತ್ತದೆ, ಹದಿನೈದು ದಿನದಲ್ಲಿ ಚಾಪೆ ಹಾಸಿದಂತೆ ಆಗುತ್ತದೆ. ಎಲೆ ಅಕ್ಕಿಕಾಳಿನಷ್ಟು, ದಪ್ಪ, ಉಗುರಿನಿಂದ ಒತ್ತಿದರೆ ಪಟ್ಟನೆ ನೀರು. ನಮ್ಮ ಕಡೆ ಅದಕ್ಕೆ ಸಣ್ಣ ಗೋಳಿ ಎನ್ನುತ್ತಾರೆ, ಸಂತೆಯ ಮರಾಠಿಯಲ್ಲಿ ಚಿವಳ. ಬೇಳೆಯೊಂದಿಗೆ ಪಲ್ಯ ಮಾಡಿದರೆ ಸ್ವಲ್ಪ ಹುಳಿ. ಅದರ ಪಕ್ಕದಲ್ಲೇ, ಅದರಂತೆಯೇ ನೆಲ ಕಚ್ಚಿಕೊಂಡು, ಅದೇ ಕೆಂಪು ಕಡ್ಡಿಯ ಇನ್ನೊಂದು ಬೆಳೆಯುತ್ತದೆ. ಅದನ್ನು ಮುರಿದರೆ ಹಾಲು ಬರುತ್ತದೆ. ಹೊಟ್ಟೆಗೆ ಹೋದರೆ ವಾಂತಿ, ಭೇದಿ. ನಮ್ಮ ಡಬ್ಬಿಯಲ್ಲಿದ್ದುದು ಇವೆರಡರಲ್ಲಿ ಯಾವುದು ಎಂಬುದರ ಮೇಲೆ ನನ್ನ ಆತ್ಯಾಳ ಸಂಸಾರ ನಿಂತಿತ್ತು.

ಆತ್ಯಾ ಎಂದರೆ ದಾದಾನ ತಂಗಿ ಇಂದೂ. ಅಕ್ಕಲಕೋಟಕ್ಕೆ ಕೊಟ್ಟಿತ್ತು. ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ, ಆ ಮಾತನ್ನು ನಮ್ಮ ಮುಂದೆ ಯಾರೂ ಆಡುತ್ತಿರಲಿಲ್ಲ, ಎಲ್ಲರೂ ಅದರ ಸುತ್ತಲೇ ಆಡುತ್ತಿದ್ದರು. ಅವಳ ಅತ್ತೆ ವ್ರತನಿಯಮಗಳಲ್ಲಿ ಬಹಳ ಬಿಗಿ. ಭಾದ್ರಪದದ ಋಷಿಪಂಚಮಿಯಂದು ಹೆಂಗಸರು ಎತ್ತಿನ ದುಡಿಮೆಯದು ಏನನ್ನೂ ತಿನ್ನುವಂತಿಲ್ಲ. ನೇಗಿಲು ಮುಟ್ಟಿದ ನೆಲದ ಕಾಳು ಬೇಡ, ಸೊಪ್ಪು ಬೇಡ. ಹಿತ್ತಲಲ್ಲಿ ಕೈಯಾರೆ ಬೆಳೆದ ಕಾಯಿಪಲ್ಯೆ, ಗೆಡ್ಡೆ, ತಾನಾಗಿ ಹುಟ್ಟಿದ ಸೊಪ್ಪು ಎಲ್ಲ ಕೂಡಿಸಿ ಒಂದು ಪಲ್ಯ. ಬೇರೆ ಮನೆಗಳಲ್ಲಿ ಸಂತೆಯಿಂದ ತಂದು ‘ಇದು ಹಿತ್ತಲದ್ದು’ ಎಂದು ಕಣ್ಣು ಮುಚ್ಚುತ್ತಿದ್ದರು. ಆ ಅತ್ತೆ ಒಪ್ಪುತ್ತಿರಲಿಲ್ಲ. ಸಂತೆಯ ಗೋಳಿ ಹೊಲದ್ದು, ಹೊಲದ ಮೇಲೆ ಎತ್ತು ಹೋಗಿದೆ. ಆದ್ದರಿಂದ ಆತ್ಯಾ ಎತ್ತು ಎಂದೂ ಕಾಲಿಡದ ಜಾಗ ಹುಡುಕಿದಳು: ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಇಟ್ಟಿಗೆಚೂರು ಮತ್ತು ಕೆಂಪು ಗರಸುಮಣ್ಣು ತುಂಬಿದ ಸಂದುಗಳಲ್ಲಿ ಹರಡಿದ್ದನ್ನು ಕಿತ್ತು ಪಲ್ಯಕ್ಕೆ ಹಾಕಿದಳು. ಅತ್ತೆ ಎರಡು ದಿನ ವಾಂತಿ ಮಾಡಿಕೊಂಡು ಮಲಗಿದರು. ಆತ್ಯಾ ಉಂಡಿರಲಿಲ್ಲ, ಎಲ್ಲರಿಗೂ ಬಡಿಸಿ ಕೂರುವ ಹೊತ್ತಿಗೆ ಪಲ್ಯ ಮುಗಿದಿತ್ತು. ಉಣ್ಣದೆ ಉಳಿದದ್ದೇ ಅವಳ ಅಪರಾಧವಾಯಿತು: ವಿಷದ ಸೊಪ್ಪು ಬಡಿಸಿ ತಾನು ಬಾಯಿಗೆ ಹಾಕಲಿಲ್ಲ ಎಂದರು.

ಅವಳು ಬಂದ ಮಧ್ಯಾಹ್ನ ಅವ್ವ ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಟ್ರಂಕು, ಅವಳ ಕೈಯಲ್ಲಿ ಒಂದು ಕಾಗದದ ಪೊಟ್ಟಣ.

“ಯಾಕ ಇಂದೂ, ಹಿಂಗ ಒಬ್ಬಾಕೀನ?”

“ಒಬ್ಬಾಕಿ ಎಲ್ಲೆ ವೈನಿ, ಇದೂ ಬಂದದಲ್ಲ ಜೋಡಿ.”

ವೈನಿ ಎಂದರೆ ಅತ್ತಿಗೆ. ಈ ಮಾತು ಅವಳು ಆಡಿದ್ದು ಹೌದೋ ಅಲ್ಲವೋ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ ಹೇಳುತ್ತ ಹೇಳುತ್ತ ಅವಳೇ ಮಾಡಿದ್ದೂ ಇರಬಹುದು. ಪೊಟ್ಟಣವಂತೂ ನಿಜ. ಮಾಮಾ, ಅಂದರೆ ಆತ್ಯಾಳ ಗಂಡ, ಕಲ್ಲಿನ ಸಂದಿನಿಂದ ತನ್ನ ಕೈಯಾರೆ ಗಿಡವನ್ನು ಮಣ್ಣಿನ ಸಮೇತ ಕೆದರಿ ಕಟ್ಟಿಕೊಟ್ಟಿದ್ದರು. ಸೋಲಾಪುರದಲ್ಲಿ ಓದಿದವರು ಇದ್ದಾರೆ, ತೋರಿಸಿ, ಇದು ತಿನ್ನುವುದೋ ಅಲ್ಲವೋ ತಿಳಿದ ಮೇಲೆ ಮುಂದಿನ ಮಾತು, ಎಂದು.

ಓದಿದವರು ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ಜೋಶಿ ಸರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಪೊಟ್ಟಣ ಬಿಚ್ಚಿ, ಬಾಡಿದ ಒಂದು ಕಡ್ಡಿ ಮುರಿದರು. ಏನೂ ಬರಲಿಲ್ಲ.

“ಇದು ಹೆಣ ಅದ. ಹೆಣದ ಕಡಿಂದ ಸಾಕ್ಷಿ ಹೇಳಸ್ತೀರೇನು? ಬೆಳಸ್ರಿ. ಹೂ ಬರಲಿ. ಹಳದಿ ಹೂ, ನಾಕು ಪಕಳಿ, ಗೆಣ್ಣಿನ್ಯಾಗ ಬಿಳಿ ಕೂದಲು. ಮೂರೂ ಕಂಡರ ನಾ ಬರದು ಕೊಡತೀನಿ.”

“ಈಗ ಅಂದಾಜು ಹೇಳ್ರಿ ಸರ್,” ಎಂದ ದಾದಾ.

“ಅಂದಾಜಿಗೆ ನಾ ಯಾಕ ಬೇಕು? ಅದನ್ನ ಅಕ್ಕಲಕೋಟದವರು ಮಾಡ್ಯಾರಲ್ಲ.”

ಹೀಗೆ ಅದು ಡಬ್ಬಿ ಸೇರಿತು. ಚಿಗುರಿದ ಮೇಲೆ ಒಂದು ಕಡ್ಡಿ ಮುರಿದು ನೋಡೋಣ ಎಂದಳು ಅವ್ವ. ದಾದಾ ಕುರ್ಚಿಯಿಂದ ಎದ್ದೇಬಿಟ್ಟ. ಒಂದು ಎಲೆ ಕಡಿಮೆಯಾದರೂ ‘ನೀವು ಕೆಟ್ಟದ್ದನ್ನ ಆರಿಸಿ ಒಗದೀರಿ’ ಅಂತಾರೆ ಅವರು, ಹೇಗೆ ಬಂತೋ ಹಾಗೇ ಇರಬೇಕು ಎಂದ. ಚೀಟಿ ಅಂಟಿಸಿದ. ನೀರು ಹಾಕುವ ಕೆಲಸ ನನಗೆ ಬಂತು. ನನಗೆ ಆಗ ಹತ್ತೋ ಹನ್ನೊಂದೋ. ಆತ್ಯಾ ಮಾತ್ರ ಡಬ್ಬಿಯ ಹತ್ತಿರ ಬಂದು ಕೂರುತ್ತಲೇ ಇರಲಿಲ್ಲ. ಎಷ್ಟು ನೀರು ಹಾಕಲಿ ಎಂದು ಕೇಳಿದರೆ “ಅದಕ್ಕ ಅದರ ನೀರು ಅದರ ಹತ್ತೇಕ ಅದ, ಬಿಡು” ಎನ್ನುತ್ತಿದ್ದಳು.

ಆ ಏಳೆಂಟು ವಾರ ನಮ್ಮ ಮನೆ ಹೇಗಿತ್ತು ಎಂದು ನೆನೆಸಿಕೊಂಡರೆ ಮೊದಲು ಬರುವುದು ವಾಸನೆ, ತವೆಯಿಂದ ಇಳಿದ ಜೋಳದ ಭಕ್ಕರಿಯದು. ಒಳಗಿನ ಕೋಣೆಯಲ್ಲಿ ಅವ್ವ ಬಡಿಯುತ್ತಿದ್ದಳು, ಆತ್ಯಾ ಒಲೆಯ ಪಕ್ಕದಲ್ಲೇ ಕೂತು ನಮ್ಮ ಜೊತೆ ಉಣ್ಣುತ್ತಿದ್ದಳು. ಮೊದಲ ದಿನ ಭಕ್ಕರಿ ಮುರಿದಾಗ ಹಬೆ ಬಂತು. ಅವಳು ಅದನ್ನು ತಟ್ಟೆಯಲ್ಲಿಟ್ಟು ನೋಡುತ್ತ ಕೂತಳು.

“ಉಣ್ಣs ಇಂದೂ, ಆರತದ.”

“ಆರೂದನ್ನ ನೋಡಾಕತ್ತೀನಿ ವೈನಿ. ಆರು ವರ್ಷ ಆತು, ನನ್ನ ಪಾಲಿಗೆ ಬರೂದ್ರಾಗ ಅದು ಆರೇ ಇರತಿತ್ತು.”

ಅವ್ವ ನಕ್ಕಳು, ಆತ್ಯಾನೂ ನಕ್ಕಳು. ಆಮೇಲೆ ಒಬ್ಬಳು ಒಲೆಯ ಕಡೆ ತಿರುಗಿದಳು, ಯಾರು ಎಂದು ನೆನಪಿಲ್ಲ. ಅವಳು ಬಂದ ಮೇಲೆ ಅವ್ವ ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ಗಿರಣಿಯ ಭೋಂಗಾ ಕೂಗಿ ಗಂಡಸರೆಲ್ಲ ಕೆಲಸದಲ್ಲಿರುವ ಹೊತ್ತಿನಲ್ಲಿ ಇಬ್ಬರೂ ಹರಟುತ್ತ ಕೂತಿರುತ್ತಿದ್ದರು. ದಾದಾ ಮನೆಗೆ ಬಂದ ಕೂಡಲೇ ದನಿ ಇಳಿಯುತ್ತಿತ್ತು. ದಾದಾ ದುಷ್ಟನೇನಲ್ಲ. ತಂಗಿ ಮನೆಯಲ್ಲಿರುವುದು ಅವನಿಗೆ ಉತ್ತರ ಬರದ ಪತ್ರದಂತೆ ಕಾಡುತ್ತಿತ್ತು. ಒಂದು ಸಂಜೆ ಅವ್ವ ಕೇಳಿದಳು.

“ಗಿಡ ಹೂ ಬಿಡಲಿಲ್ಲಂದ್ರ? ಇರತಾಳ ಇಲ್ಲೆ. ನನಗೇನ ಭಾರ ಇಲ್ಲ.”

“ಭಾರದ ಮಾತಲ್ಲ. ಆಕೀ ಮನಿ ಅದು.”

“ಯಾವ ಮನಿ? ತಣ್ಣನ ಭಕ್ಕರಿದಾ?”

ದಾದಾ ಡಬ್ಬಿ ನೋಡಿಬರಲು ಮಾಳಿಗೆ ಹತ್ತಿದ. ಆ ಕಾಲದಲ್ಲಿ ಅವನು ಯಾವ ಜಗಳದಿಂದ ಎದ್ದರೂ ಡಬ್ಬಿ ನೋಡಲು ಹೋಗುತ್ತಿದ್ದ. ಆತ್ಯಾಳಿಗೆ ಏನು ಬೇಕು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ. ಹೂ ಬಂದರೆ ಅವಳ ಮೇಲಿನ ಮಾತು ತೊಳೆದುಹೋಗುತ್ತದೆ, ಅವಳು ಗೆಲ್ಲುತ್ತಾಳೆ. ನನಗೆ ಕಂಡದ್ದು ಇಷ್ಟೇ. ಗೆದ್ದವರು ಹೊರಟುಹೋಗುತ್ತಾರೆ ಎಂಬುದು ತಲೆಗೆ ಬಂದಿರಲಿಲ್ಲ.

ಹೂ ಬರಲಿಲ್ಲ. ಗಿಡ ಡಬ್ಬಿಯ ಅಂಚು ದಾಟಿ ಇಳಿಬಿದ್ದಿತು, ಆದರೂ ಬರಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಕೊನೆಗೆ ಒಂದು ಶನಿವಾರ ಸಂಜೆ ಜೋಶಿ ಸರ್ ಭೂತಕನ್ನಡಿ ಹಿಡಿದು ಮೇಲೆ ಬಂದವರು ಕಡ್ಡಿಗಳ ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗು ಕಂಡರು. ಒಂದು ವಾರದಲ್ಲಿ ಅರಳುತ್ತದೆ ಎಂದರು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಅರಳಿ, ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಬಿಸಿಲಿಲ್ಲದ ದಿನ ಕಣ್ಣೇ ತೆರೆಯುವುದಿಲ್ಲ ಎಂದೂ ಹೇಳಿದರು. ದಾದಾ ಹನ್ನೊಂದಕ್ಕೆ ಕಚೇರಿಯಲ್ಲಿರುತ್ತಾನೆ. ಹೆಂಗಸರು ನೋಡಿದ್ದನ್ನು ಅಕ್ಕಲಕೋಟ ನಂಬುವುದಿಲ್ಲ. ಆದ್ದರಿಂದ ಮುಂದಿನ ರವಿವಾರ ಬರಬೇಕೆಂದು ಅವನು ಆಗಲೇ ಕಾರ್ಡು ಬರೆದು ಹಾಕಿದ. ಮರುದಿನ ಮುಂಜಾನೆ ನಾನು ಮಾಳಿಗೆ ಹತ್ತಿದಾಗ ಆತ್ಯಾ ಡಬ್ಬಿಯ ಮೇಲೆ ಬಗ್ಗಿ ನಿಂತಿದ್ದಳು.

“ಏನ ಮಾಡಾಕತ್ತೀ ಆತ್ಯಾ?”

“ಒಣ ಎಲಿ ತಗ್ಯಾಕತ್ತೀನಿ.”

ಹೆಬ್ಬೆರಳು ತೋರುಬೆರಳನ್ನು ಗೋಡೆಗೆ ಒರೆಸಿದಳು, ಸೆರಗಿಗಲ್ಲ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ಇದನ್ನು ಆಮೇಲೆ ನಾನೇ ಸೇರಿಸಿದೆನೇನೋ ಎಂಬ ಅನುಮಾನವೂ ಇದೆ. ಅವಳು ಇಳಿದುಹೋದ ಮೇಲೆ ನೋಡಿದೆ, ಮೊಗ್ಗು ಇರಲಿಲ್ಲ. ಉದುರಿದವು ಎಂದುಕೊಂಡೆ. ನೀರಡಿಕೆಗೆ ಉದುರಿರಬೇಕು. ಆ ಚಾಪೆಯಲ್ಲಿ ಕೆಲವು ಎಲೆ ದಪ್ಪ, ಕೆಲವು ಚಪ್ಪಟೆ ಇದ್ದವು. ಚಪ್ಪಟೆ ಎಲೆಗಳನ್ನು ನೋಡಿದಾಗಲೆಲ್ಲ ಅವು ನೀರಿಲ್ಲದೆ ಬತ್ತಿವೆ ಎಂದು ನನಗೆ ಅನಿಸುತ್ತಿತ್ತು. ಮುಂದಿನ ರವಿವಾರಕ್ಕೆ ಏಳು ದಿನ. ನಾನು ದಿನಕ್ಕೆ ಮೂರು ಸಲ ತಂಬಿಗೆ ತುಂಬಾ ನೀರು ಹಾಕಿದೆ. ಡಬ್ಬಿಯ ತಳಕ್ಕೆ ತೂತು ಇರಲಿಲ್ಲ.

ಗುರುವಾರ ಚಾಪೆ ಕರಗಿತ್ತು. ಕೈ ಹಾಕಿದರೆ ಇಡೀ ಗಿಡ ಬೇರಿನಿಂದ ಕಳಚಿ ಲೋಳೆಯಾಗಿ ಬಂತು, ಕೊಳೆತ ವಾಸನೆ. ಬೆರಳಿಗೆ ಏನೋ ಅಂಟಿತ್ತು. ಬಿಳಿ ಇತ್ತೇ? ಈ ಸಾಲನ್ನು ನಾನು ಮೂರು ಸಲ ಬರೆದಿದ್ದೇನೆ. ಒಂದರಲ್ಲಿ ಹಾಲು, ಇನ್ನೊಂದರಲ್ಲಿ ಕೊಳೆತ ನೀರು, ಮೂರನೆಯದರಲ್ಲಿ ನಾನು ಅಳುತ್ತಿದ್ದುದರಿಂದ ನೋಡಲಿಲ್ಲ. ಮೂರೂ ನಂಬುವ ಹಾಗೆ ಬಂದವು. ಅದೇ ನನ್ನನ್ನು ಹೆದರಿಸುತ್ತದೆ. ಆ ಲೋಳೆಯನ್ನೆಲ್ಲ ಹಳೆಯ ಕಾಗದದಲ್ಲಿ ಕಟ್ಟಿ ಗಟಾರಕ್ಕೆ ಎಸೆದೆ ಎಂಬುದಷ್ಟೇ ಖಚಿತ. ಎಂಟು ವಾರದ ಸಾಕ್ಷಿ ಗಟಾರದಲ್ಲಿ ಹೋಯಿತು. ಎರಡು ದಿನ ಅವ್ವನಿಗೂ ದಾದಾನಿಗೂ ಮೇಲೆ ಹತ್ತುವ ಅವಕಾಶವೇ ಬಾರದಂತೆ ‘ನಾ ನೋಡಿ ಬಂದೀನಿ, ಚಲೋ ಅದ’ ಎನ್ನುತ್ತ ಮೆಟ್ಟಿಲು ಕಾದೆ.

ಶನಿವಾರ ಸಂಜೆ ಸಾಲಿಯಿಂದ ಬರುತ್ತ ಗಲ್ಲಿಯ ತಿರುವಿನಲ್ಲಿ ನಿಂತೆ. ಬೋರಾಮಣಿಯಿಂದ ಬರುವ ಪಲ್ಯದ ಕಾಶವ್ವ ಅಲ್ಲಿ ಗೋಣಿ ಹಾಸಿ ಕೂರುತ್ತಿದ್ದಳು. ಅವಳ ಬುಟ್ಟಿಯಲ್ಲಿ ಸಣ್ಣ ಗೋಳಿ ಇತ್ತು, ಹೊಲದ ಕರಿಮಣ್ಣು ಹತ್ತಿಕೊಂಡೇ ಕಿತ್ತು ತಂದದ್ದು.

“ಬೇರ ಸಮೇತ ಬೇಕು. ಮೊಗ್ಗಿ ಇರಬೇಕು.”

“ಯಾಕ ತಂಗಿ, ಮಾಳಗಿ ಮ್ಯಾಲ ಹೊಲ ಹಿಡದಿಯೇನು?”

“ಹೂಂ.”

“ಹಂಗಾರ ಒಯ್ಯಿ. ನಿನ್ನ ಹೊಲದ ಪಲ್ಯಾ ನಾ ಮಾರತೀನಿ.”

ಒಂದು ಕಂತೆ ಪುಕ್ಕಟೆ ಕೊಟ್ಟಳು. ನಾನು ಅದನ್ನು ಆರಿಸಿ, ಡಬ್ಬಿಯಲ್ಲಿ ಉಳಿದ ಕೆಂಪು ಮಣ್ಣಿಗೆ ನೆಟ್ಟು, ಇಳಿಬಿದ್ದಂತೆ ಕಾಣಲು ಕಡ್ಡಿಗಳನ್ನು ಅಂಚಿನ ಮೇಲೆ ಹರಡಿದೆ. ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ.

ರವಿವಾರ ಮೋಡ. ಮಾಮಾ ಒಬ್ಬರೇ ಬರಲಿಲ್ಲ, ಜೊತೆಗೆ ಅವರ ತಾಯಿಯೂ ಬಂದಿದ್ದರು. ಅಕ್ಕಲಕೋಟದ ಅಜ್ಜಿ ಎಂದು ನಾವು ಕರೆಯುತ್ತಿದ್ದೆವು. ಎರಡು ಮೆಟ್ಟಿಲಿಗೊಮ್ಮೆ ನಿಂತು ಮಾಳಿಗೆ ಹತ್ತಿದರು. ದಾದಾ ಕುರ್ಚಿ ತಂದ, ಜೋಶಿ ಸರ್ ಭೂತಕನ್ನಡಿ ತಂದರು. ಆತ್ಯಾ ಮೆಟ್ಟಿಲ ಬಾಗಿಲಿಗೆ ಆತು ನಿಂತಳು, ಡಬ್ಬಿಯ ಕಡೆ ನೋಡಲಿಲ್ಲ. ಹನ್ನೊಂದಾಯಿತು. ಮೊಗ್ಗು ಮುಚ್ಚಿಯೇ ಇತ್ತು. ಎಲ್ಲರೂ ಆಕಾಶ ನೋಡಿದರು. ಎಷ್ಟೋ ಹೊತ್ತಿನ ಮೇಲೆ ಮೋಡ ಸರಿದು ಬಿಸಿಲು ಗೋಡೆಗೆ ಬಿತ್ತು. ನೋಡನೋಡುತ್ತ ಗುಂಡುಸೂಜಿಯ ತಲೆಯಷ್ಟು ಹಳದಿ, ಒಂದು, ಎರಡು, ಆಮೇಲೆ ಎಣಿಸಲಿಲ್ಲ.

“ಇಷ್ಟ ಹೂವಿಗೆ ಇಷ್ಟು ಮಂದಿ ಕಾಯೂದ?” ಎಂದರು ಅಜ್ಜಿ.

ಜೋಶಿ ಸರ್ ಎಲ್ಲರಿಗೂ ಕನ್ನಡಿಯಲ್ಲಿ ತೋರಿಸಿದರು. ನಾಲ್ಕು ಪಕಳೆ. ಗೆಣ್ಣಿನಲ್ಲಿ ಬಿಳಿ ಕೂದಲು. ಮಾಮಾರ ಎದುರಿಗೇ ಒಂದು ಕಡ್ಡಿ ಮುರಿದರು. ನೀರು. ಅಂಗೈ ಮೇಲೆ ಒಂದು ಹನಿ ಹೊಳೆಯಿತು. ದಾದಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಜ್ಜಿ ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ಸರ್ ಹೇಳಿದ್ದು ಖರೆ. ಖರೆ ಇಲ್ಲ ಅಂತ ನಾ ಅನ್ನೂದಿಲ್ಲ. ಇಂದೂ, ನೀ ಹೇಳು. ಇದು ನಮ್ಮ ಕಲ್ಲಿನ ಗಿಡಾನs ಹೌದಲ್ಲ? ನಿನ್ನ ಬಾಯಿಂದ ಬಂದ್ರ ನಾ ನಂಬತೀನಿ.”

ಎಲ್ಲರ ಎದುರಿಗೆ ಆತ್ಯಾ ಮೊದಲ ಸಲ ಡಬ್ಬಿಯ ಹತ್ತಿರ ಬಂದಳು. ಬಗ್ಗಿ ನೋಡಿದಳು. ಅಲ್ಲಿಂದ ಅವಳ ಕಣ್ಣು ನನ್ನ ಕಡೆ ಬಂತು, ಮುಖಕ್ಕಲ್ಲ, ಕೈಗೆ. ನಾನು ಕೈ ಹಿಂದೆ ಕಟ್ಟಿಕೊಂಡೆ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ದಾದಾ ನನ್ನ ತೊಗಲು ಸುಲಿಯುತ್ತಿದ್ದ, ಅವರಿಬ್ಬರೂ ಆಗಲೇ ಇಳಿದುಹೋಗುತ್ತಿದ್ದರು, ಅವಳು ನಮ್ಮ ಒಲೆಯ ಪಕ್ಕದಲ್ಲಿ ಉಳಿಯುತ್ತಿದ್ದಳು.

“ಹೌದ್ರಿ ಅತ್ತಿಯವರ. ಅದs ಗಿಡ.”

ಸಂಜೆಯ ಎಸ್‌ಟಿಗೆ ಹೊರಟರು. ಅವ್ವ ಬಿಸಿ ಭಕ್ಕರಿ ಮಾಡಿ ಉಂಡು ಹೋಗು ಎಂದಳು. “ಬಸ್ಸಿಗೆ ಹೊತ್ತಾತು ವೈನಿ, ಕಟ್ಟಿ ಕೊಡ್ರಿ” ಎಂದಳು ಆತ್ಯಾ. ಅಜ್ಜಿ ಡಬ್ಬಿಯನ್ನೂ ತೊಡೆಯ ಮೇಲಿಟ್ಟುಕೊಂಡು ಹೋದರು, ಚೀಟಿಯ ಸಮೇತ. ಅಂದು ಮನೆಯಲ್ಲಿ ನನ್ನನ್ನು ಎಲ್ಲರೂ ಹೊಗಳಿದರು. ಎಷ್ಟು ಚಂದ ನೋಡಿಕೊಂಡಳು ಹುಡುಗಿ ಎಂದು. ಅವ್ವ ಹೊಗಳಲಿಲ್ಲ. ಆ ರಾತ್ರಿ ಅವಳು ನನ್ನ ಉಗುರು ಕತ್ತರಿಸಿದಳು, ಏನೂ ಕೇಳದೆ. ಇದೂ ನಾನು ಆಮೇಲೆ ಸೇರಿಸಿದ್ದಿರಬಹುದು.

ನಾನು ದೊಡ್ಡವಳಾದ ವರ್ಷ, ಮೂರೋ ನಾಲ್ಕೋ ವರ್ಷದ ಮೇಲೆ, ಋಷಿಪಂಚಮಿಗೆ ಅವ್ವ ನನ್ನನ್ನು ಅಕ್ಕಲಕೋಟಕ್ಕೆ ಕರೆದೊಯ್ದಳು. ಇನ್ನು ಮೇಲೆ ಆ ವ್ರತ ನನಗೂ ಇತ್ತು. ಅಡುಗೆಮನೆಯಲ್ಲಿ ಅಜ್ಜಿಯೇ ಪಲ್ಯ ಮಾಡುತ್ತಿದ್ದರು, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು. ಸೊಸೆಯ ಕೈಗೆ ಸೌಟು ಕೊಡಲಿಲ್ಲ, ಆ ಸಂಶಯ ಮನಸ್ಸಿನಿಂದ ಇನ್ನೂ ಹೋಗಿಲ್ಲ ಎಂದು ಅವ್ವ ನನಗೆ ಸನ್ನೆ ಮಾಡಿದಳು. ಅಜ್ಜಿ ಅದನ್ನು ನೋಡಿದರು.

“ನಾ ತಡದಿಲ್ಲವಾ. ಆಕೀನs ಮಾಡೂದಿಲ್ಲ. ಆಕೀದೇನ ತಪ್ಪಿತ್ತು? ಗಿಡ ಅಲ್ಲೇ ಅದ ನೋಡ್ರಿ, ಬಂದವರಿಗೆಲ್ಲ ತೋರಸ್ತೀನಿ ನಾ.”

ಹಿತ್ತಲ ಗೋಡೆಯ ಮೇಲೆ ಡಬ್ಬಿ ಇತ್ತು. ತುಕ್ಕು ಹಿಡಿದಿತ್ತು, ಗಿಡ ಮಾತ್ರ ಸೊಕ್ಕಿ ಬೆಳೆದು ಗೋಡೆಯುದ್ದಕ್ಕೂ ಇಳಿದಿತ್ತು. ಕೆಳಗೆ ಒಗೆಯುವ ಕಲ್ಲು. ಆತ್ಯಾ ಅಲ್ಲಿ ಕುಕ್ಕರಗಾಲಲ್ಲಿ ಕೂತು ಮೊಂಡ ಕುಡುಗೋಲಿನಿಂದ ಕಲ್ಲಿನ ಸುತ್ತಲ ಸಂದುಗಳನ್ನು ಕೆರೆಯುತ್ತಿದ್ದಳು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಆದರೂ ಕೆರೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ಅವತ್ತ ನಿನಗ ಗೊತ್ತಾಗಿತ್ತ ಆತ್ಯಾ?”

“ನಿನ್ನ ಉಗುರಿನ್ಯಾಗ ಕರಿಮಣ್ಣ ಇತ್ತು. ನಮ್ಮದು ಕೆಂಪ ಗರಸು.”

“ಮತ್ತ ಯಾಕ ಹೌದಂದಿ?”

“ಇಲ್ಲ ಅಂದಿದ್ರ ನಿನಗ ಬೀಳತಿತ್ತು. ಅಣ್ಣನ ಕೈ ಭಾರ.” ಕೆರೆಯುವುದನ್ನು ನಿಲ್ಲಿಸಲಿಲ್ಲ. “ಎಂಟ ವಾರ ದಿನಾ ಮೊಗ್ಗಿ ಚಿವುಟಿದೆ. ಅಷ್ಟs ನನ್ನ ಕೈಯಾಗಿತ್ತು. ನೀ ಒಂದ ದಿನದಾಗ ಇಡೀ ಹೊಲಾನs ತಂದಿ.”

ನನಗೆ ಅಳು ಬಂತೋ ಇಲ್ಲವೋ ಗೊತ್ತಿಲ್ಲ. ಕೇಳಬಾರದ್ದನ್ನು ಕೇಳಿದೆ ಎಂಬುದು ಗೊತ್ತಿದೆ.

“ಚಿವುಟಿದಾಗ ಏನ ಬರತಿತ್ತು ಕೈಗೆ?”

ಕುಡುಗೋಲು ನಿಂತಿತು. ಒಳಗೆ ಅಜ್ಜಿ ಒಗ್ಗರಣೆ ಹಾಕಿದ ಸದ್ದು.

“ನೀರೂ ಬರತಿತ್ತು, ಹಾಲೂ ಬರತಿತ್ತು. ಎರಡೂ ಒಂದರಾಗೊಂದು ಹೆಣಕೊಂಡಿದ್ದವು. ನಾ ಎರಡೂ ಕಿತ್ತಿದ್ದೆ, ಎರಡೂ ಬಡಿಸಿದ್ದೆ. ಅತ್ತಿಯವರು ಅಂದಿದ್ದೂ ಸುಳ್ಳಲ್ಲ.” ಮತ್ತೆ ಕೆರೆಯತೊಡಗಿ, “ಅವರಿಗೆ ಹೇಳಬ್ಯಾಡ. ಗಿಡದ ಮ್ಯಾಲ ಭಾಳ ಜೀವ ಅದ ಅವರದು.”

ಆ ಚಪ್ಪಟೆ ಎಲೆಗಳು. ಬತ್ತಿವೆ ಎಂದು ನಾನು ಮತ್ತೆ ಮತ್ತೆ ನೀರು ಹಾಕಿದ ಎಲೆಗಳು. ಬಿಸಿಲು ಗೋಡೆಗೆ ಬಂದಿತ್ತು. ನಮ್ಮ ತಲೆಯ ಮೇಲೆ ಬೋರಾಮಣಿಯ ಗಿಡ, ಎತ್ತು ಉತ್ತ ಹೊಲದ ಗಿಡ, ಆ ವ್ರತದ ಮನೆಯ ಗೋಡೆಯ ಮೇಲೆ ಒಂದೊಂದಾಗಿ ಕಣ್ಣು ತೆರೆಯತೊಡಗಿತ್ತು. ನಾನು ಎದ್ದೆ. ಇನ್ನೂ ಅರಳದ ಒಂದು ಮೊಗ್ಗನ್ನು ಹಿಡಿದು ಚಿವುಟಿದೆ. ಮತ್ತೊಂದು. ಮತ್ತೊಂದು. ಬೆರಳಿಗೆ ಬಂದದ್ದು ನೀರೇ.

ಆತ್ಯಾ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು ಕೆರೆದ ಮಣ್ಣನ್ನು ತೊಳೆದಳು.

“ಬಿಡು ಕೂಸ,” ಎಂದಳು. “ಈಗ ಅದಕ್ಕ ಯಾರೂ ಕಾಯಾಕತ್ತಿಲ್ಲ.”